ಗೆಳೆಯನಿಗೊಂದು ಪತ್ರ: ಕ್ಲೈಂಟ್ ತಲೆಯಾಡಿಸಿದಾಗ

ಪ್ರಿಯ ಗೆಳೆಯ,

ಥೆರಪಿಸ್ಟ್ ತರಬೇತಿ ಮುಗಿಸಿ ಇನ್ನೇನು ಕ್ಲೈಂಟ್‌ಗಳನ್ನು ನೋಡಲು ಶುರುಮಾಡುತ್ತೀಯ. ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಥೆರಪಿ) ಹಿಡಿಯಲೋ ಬೇರೆ ಪದ್ಧತಿ ಹಿಡಿಯಲೋ ಎಂದು ಕೇಳಿದ್ದೀಯ. ಅದಕ್ಕಿಂತ ಮೊದಲು ನೀನು ಗಮನಿಸಬೇಕಾದ್ದು ಒಂದಿದೆ. ಎದುರಿಗೆ ಕೂತವರು ನಮ್ಮ ಮಾತಿಗೆ ಬಹಳ ಬೇಗ ತಲೆಯಾಡಿಸಿಬಿಡುತ್ತಾರೆ. ಕಷ್ಟದಲ್ಲಿ ಬಂದಿರುತ್ತಾರೆ, ನಮ್ಮನ್ನು ತಿಳಿದವರೆಂದು ನಂಬಿರುತ್ತಾರೆ, ಬೇಸರ ಮಾಡಬಾರದೆಂಬ ಸಂಕೋಚ ಬೇರೆ. ‘ಇದು ನನಗೆ ಸರಿಹೋಗುತ್ತಿಲ್ಲ’ ಎಂದು ಅವರು ಬಾಯಿಬಿಟ್ಟು ಹೇಳುವಂತಾಗಬೇಕು. ಅದು ಸಾಧ್ಯವಾಗದಿದ್ದರೆ ಯಾವ ಪದ್ಧತಿಯೂ ಕೈಹಿಡಿಯುವುದಿಲ್ಲ.

ಮೊದಲ ಸೆಷನ್‌ನ 50 ನಿಮಿಷದಲ್ಲಿ ಆರಂಭದ ಏಳೆಂಟು ನಿಮಿಷ ಗೌಪ್ಯತೆಗೆ ಇಡು. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಅವರ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ಮಗುವಿಗೆ ಹಿಂಸೆಯಾಗುತ್ತಿರುವಾಗ, ನ್ಯಾಯಾಲಯ ಕೇಳಿದಾಗ ಏನಾಗುತ್ತದೆ ಎಂಬುದನ್ನೂ ಹೇಳು. ನಿನ್ನ ಮೇಲ್ವಿಚಾರಕರ ಜೊತೆ ಕೇಸ್ ಚರ್ಚಿಸುವುದನ್ನೂ ಮುಚ್ಚಿಡಬೇಡ. ಕ್ಲೈಂಟ್ ಎಲ್ಲ ಹೇಳಿಕೊಂಡ ಮೇಲೆ ಈ ಮಿತಿಗಳ ಮಾತು ತೆಗೆದರೆ ಮೋಸಹೋದಂತೆ ಅನ್ನಿಸುತ್ತದೆ, ಅದು ಸಹಜ ಕೂಡ. ಶುಲ್ಕ, ರದ್ದು ಮಾಡುವ ನಿಯಮ, ನಡುವೆ ಫೋನ್ ಮಾಡಬಹುದೇ ಎಂಬುದನ್ನು ಬರೆದು ಕೊಟ್ಟುಬಿಡು.

ಅಂದೇ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಕೆದಕಲು ಹೋಗಬೇಡ. ಒಂದೇ ದಿನ ಒಳಗಿನದನ್ನೆಲ್ಲ ಹೇಳಿಕೊಂಡವರು ಮನೆಗೆ ಹೋಗಿ ‘ಯಾಕಾದರೂ ಹೇಳಿದೆನೋ’ ಎಂದು ನಾಚಿಕೊಂಡು ಮತ್ತೆ ಬಾರದಿರಬಹುದು.

1979ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ಥೆರಪಿಯ ಸಂಬಂಧವನ್ನು ಮೂರಾಗಿ ವಿಂಗಡಿಸಿದರು: ಗುರಿಯ ಬಗ್ಗೆ ಒಪ್ಪಂದ, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಂದ, ಇಬ್ಬರ ನಡುವಿನ ನಂಟು. ಹೊಸಬರು ನಂಟಿನ ಕಡೆ ಗಮನ ಕೊಟ್ಟು ಮೊದಲ ಎರಡನ್ನು ಊಹಿಸಿಕೊಂಡುಬಿಡುತ್ತಾರೆ. ‘ನೆಮ್ಮದಿ ಬೇಕು’ ಎಂದರೆ ಅದನ್ನೇ ಗುರಿ ಎಂದು ಬರೆದುಕೊಳ್ಳಬೇಡ. ‘ನೆಮ್ಮದಿ ಬಂತು ಅಂತಿಟ್ಟುಕೊಳ್ಳಿ, ಬೆಳಿಗ್ಗೆ ಎದ್ದಾಗ ಏನು ಬೇರೆ ಇರುತ್ತದೆ?’ ಎಂದು ಕೇಳು. ‘ಎಚ್ಚರವಾದ ಮೇಲೂ ಎರಡು ಗಂಟೆ ಹಾಸಿಗೆಯಲ್ಲೇ ಬಿದ್ದಿರುತ್ತೇನೆ, ಅದು ನಿಲ್ಲಬೇಕು’ ಎಂಬಂಥ ಉತ್ತರ ಬಂದರೆ ಹಿಡಿಯಲು ಏನೋ ಸಿಕ್ಕಿತು. ಅವರ ಮಾತಿನಲ್ಲೇ ಬರೆದುಕೋ.

ಕೇಳಿಸಿಕೊಳ್ಳುವುದರ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಕ್ಲೈಂಟ್ ‘ಅಪ್ಪನಿಗೆ ಫೋನ್ ಮಾಡಲೇ ಆಗುತ್ತಿಲ್ಲ’ ಎನ್ನುತ್ತಾರೆ. ‘ಯಾಕೆ ಆಗುತ್ತಿಲ್ಲ?’ ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ, ಅವರು ಸಮಜಾಯಿಷಿ ಕೊಡಲು ತೊಡಗುತ್ತಾರೆ. ‘ಮಾಡಬೇಕು ಅಂತ ಮನಸ್ಸಿದೆ, ಫೋನ್ ಕೈಗೆತ್ತಿಕೊಂಡಾಗ ಏನೋ ತಡೆಯುತ್ತದೆ’ ಎಂದು ಹೇಳಿ ಸುಮ್ಮನಾಗು. ಐದಾರು ಸೆಕೆಂಡ್ ಕಾದರೆ ಸಾಕು, ಹೆಚ್ಚಿನ ಸಲ ಮುಂದಿನ ಮಾತು ತಾನಾಗಿ ಬರುತ್ತದೆ. ನಿನ್ನ ಊಹೆ ತಪ್ಪಾಗಿದ್ದರೆ ‘ತಡೆಯೋದಲ್ಲ, ಸಿಟ್ಟು’ ಎಂದು ತಿದ್ದುತ್ತಾರೆ. ನಿನ್ನನ್ನು ತಿದ್ದುವ ಅಭ್ಯಾಸ ಅವರಿಗೆ ಹೀಗೆ ಸಣ್ಣ ವಿಷಯಗಳಲ್ಲೇ ಆಗಬೇಕು. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ (ಬದಲಾಗುವ ಮನಸ್ಸನ್ನು ಕ್ಲೈಂಟ್‌ನಿಂದಲೇ ಹೊರತರುವ ಮಾತುಕತೆಯ ಪದ್ಧತಿ) ಕಲಿಸುವವರು ಒಂದು ಪ್ರಶ್ನೆಗೆ ಇಂಥ ಎರಡು ಪ್ರತಿಫಲನ, ಅಂದರೆ ಅವರ ಮಾತನ್ನು ಅವರಿಗೇ ತಿರುಗಿ ಹೇಳುವುದು, ಇರಲಿ ಎನ್ನುತ್ತಾರೆ. ಕ್ಲೈಂಟ್‌ನ ಒಪ್ಪಿಗೆ ಪಡೆದು ಒಂದು ಸೆಷನ್ ರೆಕಾರ್ಡ್ ಮಾಡಿ ಎಣಿಸಿ ನೋಡು. ಪ್ರಶ್ನೆಗಳೇ ಹೆಚ್ಚಿರುವ ಸಾಧ್ಯತೆ ಇದೆ.

ಮುಂದಿನ ಸೆಷನ್‌ವರೆಗೆ ಮನೆಯಲ್ಲಿ ಮಾಡಲು ಕೆಲಸ ಕೊಡುವಾಗಲೂ ಹೀಗೆಯೇ. ‘ದಿನಾ ಅರ್ಧ ಗಂಟೆ ನಡೆಯಿರಿ’ ಎಂದರೆ ಹೂಂ ಎನ್ನುತ್ತಾರೆ, ನಡೆಯುವುದಿಲ್ಲ. ‘ಇದು ಆಗುತ್ತೆ ಅನ್ನೋ ಭರವಸೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು?’ ಎಂದು ಕೇಳು. ಏಳಕ್ಕಿಂತ ಕಡಿಮೆ ಬಂದರೆ ಕೆಲಸವನ್ನು ಚಿಕ್ಕದು ಮಾಡು: ವಾರಕ್ಕೆ ಮೂರು ದಿನ, ಹತ್ತು ನಿಮಿಷ, ಯಾವ ಹೊತ್ತಿಗೆ ಎಂಬುದೂ ಗೊತ್ತಾಗಿರಲಿ. ಮಾಡದೇ ಬಂದರೆ ಎಲ್ಲಿ ನಿಂತುಹೋಯಿತು ಎಂಬ ಗಳಿಗೆಯನ್ನು ವಿಚಾರಿಸು, ನಿಜವಾದ ಅಡ್ಡಿ ಅಲ್ಲೇ ಸಿಗುತ್ತದೆ. ಕೊಟ್ಟ ಕೆಲಸವನ್ನು ಮುಂದಿನ ವಾರ ನೀನೇ ಕೇಳಲು ಮರೆತರೆ ಅವರೂ ಬಿಟ್ಟುಬಿಡುತ್ತಾರೆ.

ಖಿನ್ನತೆ ಎಷ್ಟಿದೆ ಎಂದು ಅಳೆಯಲು ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸುತ್ತೀಯಲ್ಲ. 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 27. ಮೊತ್ತ ಇಳಿಯಿತೆಂದು ಸಮಾಧಾನಪಟ್ಟು ಒಂಬತ್ತನೆಯದನ್ನು ನೋಡದೆ ಬಿಡಬೇಡ. ಸಾವಿನ ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ ಅದು. ಅಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಭಯ. ಹೇಗೆ ಎಂದು ಯೋಚಿಸಿದ್ದಾರೆಯೇ, ಸಾಧನ ಕೈಗೆ ಸಿಗುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದರೇ ಎಂದು ತಿಳಿದುಕೋ. ‘ಹಾಗೆ ಮಾಡಿಕೊಳ್ಳುವುದಿಲ್ಲ’ ಎಂದು ಮಾತು ತೆಗೆದುಕೊಳ್ಳುವುದನ್ನು ನೆಚ್ಚಿಕೊಳ್ಳಬೇಡ, ಅದು ಮತ್ತೊಂದು ತಲೆಯಾಡಿಸುವಿಕೆ ಅಷ್ಟೇ. ಬದಲಿಗೆ ಜೊತೆಯಲ್ಲಿ ಕೂತು ಸುರಕ್ಷತಾ ಯೋಜನೆ ಬರೆಯಿರಿ: ಮುನ್ಸೂಚನೆಗಳೇನು, ಒಬ್ಬರೇ ಇದ್ದಾಗ ಏನು ಮಾಡಬಹುದು, ಯಾರ ಬಳಿ ಅಥವಾ ಎಲ್ಲಿಗೆ ಹೋದರೆ ಮನಸ್ಸು ಬೇರೆಡೆ ತಿರುಗುತ್ತದೆ, ಯಾರಲ್ಲಿ ಸಹಾಯ ಕೇಳಬಹುದು, ಯಾವ ವೈದ್ಯರು ಮತ್ತು ಸಹಾಯವಾಣಿ, ಸಾಧನವನ್ನು ದೂರ ಇಡುವವರು ಯಾರು. ಹಾಳೆ ಅವರ ಕೈಯಲ್ಲೇ ಹೋಗಲಿ. ಅಪಾಯ ಹತ್ತಿರದಲ್ಲಿದೆ ಅನ್ನಿಸಿದರೆ ಒಬ್ಬರನ್ನೇ ಬಿಡದೆ, ಅಂದೇ ಮನೋವೈದ್ಯರಿಗೆ ಅಥವಾ ತುರ್ತು ಚಿಕಿತ್ಸೆಗೆ ತಲುಪಿಸು.

ಇನ್ನು ಸಂಬಂಧ ಬಿರುಕು ಬಿಡುವ ವಿಷಯ. ಜೋರಾಗಿ ಜಗಳವಾಡುವ ಕ್ಲೈಂಟ್ ನಿನಗೆ ಹೆದರಿಕೆ ಹುಟ್ಟಿಸಬಹುದು, ಆದರೆ ಅಲ್ಲಿ ಏನಾಯಿತೆಂದು ಗೊತ್ತಾಗುತ್ತದೆ. ಕಷ್ಟವಿರುವುದು ಮೆಲ್ಲಗೆ ಹಿಂದೆ ಸರಿಯುವವರಲ್ಲಿ. ಉತ್ತರ ಚಿಕ್ಕದಾಗುತ್ತದೆ, ತಡವಾಗಿ ಬರತೊಡಗುತ್ತಾರೆ, ಮಾತು ಬೇರೆಯವರ ಸುದ್ದಿಗೆ ಹೊರಳುತ್ತದೆ, ಇಲ್ಲವೇ ನಿನ್ನನ್ನು ಇದ್ದಕ್ಕಿದ್ದಂತೆ ಹೊಗಳುತ್ತಾರೆ. ಆಗ ಇನ್ನಷ್ಟು ತಂತ್ರ ಪ್ರಯೋಗಿಸಬೇಡ. ಮಾಡುತ್ತಿದ್ದುದನ್ನು ನಿಲ್ಲಿಸಿ, ‘ಆ ಹಾಳೆ ತುಂಬಿಸೋಣ ಅಂದಾಗಿನಿಂದ ನೀವು ಸ್ವಲ್ಪ ದೂರ ಹೋದ ಹಾಗನ್ನಿಸಿತು. ನಾನು ಅವಸರ ಮಾಡಿದೆನೇನೋ’ ಎನ್ನು. ಅವರು ಹೌದೆಂದರೆ ವಿವರಣೆ ಕೊಡಲು ಹೋಗದೆ ಕೇಳಿಸಿಕೊಂಡು, ಆ ಕೆಲಸವನ್ನು ನಿಜವಾಗಿ ಬದಲಾಯಿಸು. ಬೇಸರ ಹೇಳಿದರೂ ಸಂಬಂಧ ಮುರಿಯಲಿಲ್ಲ ಎಂಬ ಅನುಭವ ಎಷ್ಟೋ ಜನರಿಗೆ ಬದುಕಿನಲ್ಲೇ ಸಿಕ್ಕಿರುವುದಿಲ್ಲ. ಇಂಥ ಮಾತುಕತೆಯ ಹತ್ತು ನಿಮಿಷವನ್ನು ನಾನು ಚಿಕಿತ್ಸೆಯ ತಿರುಳು ಎಂದೇ ಎಣಿಸುತ್ತೇನೆ.

ಕೊನೆಯ ಐದು ನಿಮಿಷದಲ್ಲಿ ‘ಹೇಗಿತ್ತು?’ ಎಂದು ಕೇಳಬೇಡ, ‘ಚೆನ್ನಾಗಿತ್ತು’ ಎಂದೇ ಉತ್ತರ ಬರುತ್ತದೆ. ‘ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಹೊಂದದೇ ಇದ್ದದ್ದು ಯಾವುದು?’ ಎಂದು ಕೇಳು. ಬಾಯಿಬಿಡದವರಿಗೆ ಸೆಷನ್ ರೇಟಿಂಗ್ ಸ್ಕೇಲ್, ಅಂದರೆ ಆ ದಿನದ ಸೆಷನ್‌ಗೆ ಕ್ಲೈಂಟ್ ಅಂಕ ಕೊಡುವ ಹಾಳೆ, ಕೊಡು. ನಾಲ್ಕು ಗೆರೆ, ತಲಾ 10 ಸೆಂಟಿಮೀಟರ್, ಗುರುತು ಹಾಕಲು ಒಂದು ನಿಮಿಷ ಸಾಕು. ಪ್ರತಿ ವಾರವೂ ನಲವತ್ತಕ್ಕೆ ನಲವತ್ತು ಬರುತ್ತಿದ್ದರೆ ಖುಷಿಪಡುವ ಮೊದಲು ವಿಚಾರಿಸು. ಅಂಕ ಇಳಿದ ದಿನ ಥ್ಯಾಂಕ್ಸ್ ಹೇಳಿ, ಏನಾಯಿತೆಂದು ಕೇಳು.

ಬಾಗಿಲ ಹತ್ತಿರ ಹೋಗಿ ದೊಡ್ಡ ವಿಷಯವೊಂದನ್ನು ಹೇಳುವವರೂ ಇರುತ್ತಾರೆ. ಜೀವದ ಅಪಾಯವಿಲ್ಲದಿದ್ದರೆ ಸಮಯ ಮೀರಿ ಕೂರಬೇಡ. ‘ಇದು ಮುಖ್ಯ, ಎರಡು ನಿಮಿಷದಲ್ಲಿ ಮುಗಿಸುವಂಥದ್ದಲ್ಲ. ಮುಂದಿನ ವಾರ ಇದರಿಂದಲೇ ಶುರುಮಾಡೋಣವೇ?’ ಎಂದು ಹೇಳಿ ಅವರೆದುರೇ ಬರೆದುಕೋ, ಮತ್ತು ಮುಂದಿನ ವಾರ ಅದರಿಂದಲೇ ಶುರುಮಾಡು.

ಮೊದಲ ನಾಲ್ಕೈದು ಸೆಷನ್ ಆದ ಮೇಲೆ ಬರೆ. ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನೇ ವಿವರವಾಗಿ ಬರೆ, ಕ್ಲೈಂಟ್‌ನ ಗುರುತು ಸಿಗುವ ಯಾವುದೂ ಬೇಡ.

ಪ್ರೀತಿಯಿಂದ,
ನಿನ್ನ ಗೆಳೆಯ