ಆರೋಗ್ಯ ಸಚಿವರಿಗೆ: ರೆಪ್ಪೆಗೆ ಹಾಕುವ ಗೋಂದನ್ನೂ ಒಮ್ಮೆ ನೋಡಿ

ರಾಜ್ಯದ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಒಂದು ತಾಲೂಕು ಕೇಂದ್ರದಲ್ಲಿ ಸಣ್ಣ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. 12 ವರ್ಷ ಥ್ರೆಡಿಂಗ್, ಫೇಶಿಯಲ್, ಮದುಮಗಳ ಮೇಕಪ್ಪಿನಲ್ಲೇ ಕಳೆಯಿತು. ಆಮೇಲೆ ಎಲ್ಲರೂ ಕೇಳತೊಡಗಿದರು ಅಂತ ಲ್ಯಾಶ್ ಎಕ್ಸ್‌ಟೆನ್ಶನ್ ಶುರು ಮಾಡಿದೆ. ಎರಡು ದಿನದ ಕ್ಲಾಸು, ಗೋಡೆಗೊಂದು ಸರ್ಟಿಫಿಕೇಟು. ಅಷ್ಟೇ ನನ್ನ ತರಬೇತಿ.

ಇದು ರಾತ್ರಿ ಕಿತ್ತಿಡುವ ರೆಪ್ಪೆ ಪಟ್ಟಿ ಅಲ್ಲ. ನಮ್ಮದೇ ಒಂದೊಂದು ರೆಪ್ಪೆಗೂದಲಿಗೆ ನಕಲಿ ಕೂದಲನ್ನು ಟ್ವೀಜರಿನಲ್ಲಿ ಹಿಡಿದು ಅಂಟಿಸಬೇಕು. ಎರಡು ಗಂಟೆ ಕೆಲಸ. ಎರಡು ಮೂರು ವಾರಕ್ಕೊಮ್ಮೆ ರೀಫಿಲ್. ಹಾಕುವ ಗೋಂದು ಸಾಮಾನ್ಯವಾಗಿ ಸಯನೋಅಕ್ರಿಲೇಟ್, ಅಂದರೆ ಚಪ್ಪಲಿ ಕಿತ್ತರೆ ಹಾಕುವ ಫೆವಿಕ್ವಿಕ್ಕಿನ ಬಳಗ. ಅದರ ಆವಿಗೇ ಕಣ್ಣು ಉರಿಯುತ್ತದೆ. ಕೆಲವು ಗೋಂದುಗಳಿಂದ ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣುರಿಸುವ ಅನಿಲ ಕೂಡ ಹೊರಬರುತ್ತದೆ.

ಕಳೆದ ಮದುವೆ ಸೀಸನ್ನಿನಲ್ಲಿ ಒಬ್ಬ ಹುಡುಗಿ ಬಂದಳು. ಎರಡೇ ದಿನಕ್ಕೆ ಧಾರೆ. "ಅಕ್ಕ, ಪ್ಯಾಚ್ ಟೆಸ್ಟ್ ಎಲ್ಲ ಬೇಡ, ಟೈಮಿಲ್ಲ" ಅಂದಳು. ಗೋಂದನ್ನು ಮೊದಲೇ ಚರ್ಮಕ್ಕೆ ಚೂರು ಹಚ್ಚಿ ಅಲರ್ಜಿ ಆಗುತ್ತಾ ಅಂತ ನೋಡುವುದೇ ಪ್ಯಾಚ್ ಟೆಸ್ಟ್. ನಾನೂ ಹೂಂ ಅಂದೆ. ತಪ್ಪು ನನ್ನದೇ. ಮರುದಿನ ಬೆಳಿಗ್ಗೆ ಅವಳ ರೆಪ್ಪೆಗಳು ಹಲಸಿನ ತೊಳೆಯ ಹಾಗೆ ಊದಿದ್ದವು. ಅಲರ್ಜಿ ಅಂದ ಕಣ್ಣಿನ ಡಾಕ್ಟರು, ಗೋಂದಿನಲ್ಲಿ ಏನೇನಿದೆ ಅಂತ ನನ್ನನ್ನು ಕೇಳಿದರು. ಬಾಟಲಿ ತಿರುಗಿಸಿ ನೋಡಿದೆ. ನನಗೆ ಓದಲು ಬಾರದ ಅಕ್ಷರ, ಒಂದು ಹೂವಿನ ಚಿತ್ರ. ತಾರೀಕೂ ಇಲ್ಲ. ಮದುವೆ ಫೋಟೋಗಳಲ್ಲಿ ಹುಡುಗಿ ತಲೆ ತಗ್ಗಿಸಿಯೇ ಇದ್ದಾಳೆ. ಬೀಗರು ನಾಚಿಕೆ ಅಂದುಕೊಂಡರಂತೆ.

1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಅನ್ನೋ ರೆಪ್ಪೆ ಬಣ್ಣದಿಂದ ಹೆಂಗಸರ ಕಣ್ಣು ಹೋಗಿತ್ತು. ಅದನ್ನು ತಡೆಯಲು ಅಲ್ಲಿ ಆಗ ಕಾನೂನೇ ಇರಲಿಲ್ಲ, 1938ರಲ್ಲಿ ಬಂತು. ನಮಗೆ ಆ ನೆಪ ಇಲ್ಲ. 2020ರ ಕಾಸ್ಮೆಟಿಕ್ಸ್ ನಿಯಮಗಳಿವೆ. ಹೊರದೇಶದ ಸೌಂದರ್ಯ ಸಾಧನಕ್ಕೆ ನೋಂದಣಿ ಬೇಕು, ಲೇಬಲ್ಲಿನಲ್ಲಿ ಆಮದುದಾರರ ಹೆಸರು, ಎಕ್ಸ್‌ಪೈರಿ ದಿನ ಇರಬೇಕು. ನನ್ನ ಬಾಟಲಿ ಮಾತ್ರ ಆನ್‌ಲೈನಿನಲ್ಲಿ ಸುಮ್ನೆ ಮನೆ ಬಾಗಿಲಿಗೇ ಬಂತು.

2024ರಲ್ಲಿ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಹಾಕುವ ಕೃತಕ ಬಣ್ಣವನ್ನು ಸರ್ಕಾರ ನಿಲ್ಲಿಸಿತು. ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಿತು. ತಟ್ಟೆಯ ಬಣ್ಣಕ್ಕೆ ಆದದ್ದು ಕಣ್ಣಿನ ಗೋಂದಿಗೂ ಆಗಬಹುದು, ಅಲ್ವಾ? ಪಾರ್ಲರ್ ಸಾಮಾನಿನ ಹೋಲ್‌ಸೇಲ್ ಅಂಗಡಿಗಳಿಂದಲೇ ಶುರು ಮಾಡಿಸಿ. ಲೈಸೆನ್ಸ್ ಕೊಡುವಾಗ ನನ್ನ ಬಳಿ ಬಾಡಿಗೆ ಕರಾರು ಕೇಳಿದರು. ಕಣ್ಣಿನ ಮೇಲೆ ಕೈ ಇಡಲು ಏನು ಕಲಿತಿದ್ದೀರಿ ಅಂತ ಕೇಳಲಿಲ್ಲ. ಅದನ್ನೂ ಕೇಳುವಂತೆ ಮಾಡಿ. 48 ಗಂಟೆ ಮೊದಲು ಪ್ಯಾಚ್ ಟೆಸ್ಟ್ ಕಡ್ಡಾಯವಾಗಲಿ. ಗಿರಾಕಿ ಅವಸರ ಮಾಡಿದಾಗ "ಸರ್ಕಾರದ ರೂಲ್ಸು" ಅಂತ ಹೇಳಲು ನಮಗೂ ಒಂದು ಆಸರೆ ಬೇಕು.

ನಿಷೇಧ ಕೇಳುತ್ತಿಲ್ಲ. ನಮ್ಮ ಹೊಟ್ಟೆಪಾಡೂ ಇದರಲ್ಲಿದೆ.

ಆ ಬಾಟಲಿ ಇನ್ನೂ ನನ್ನ ಡ್ರಾಯರಿನಲ್ಲಿದೆ, ಅರ್ಧ ಖಾಲಿ. ನಿಮ್ಮವರು ಬಂದರೆ ಮೊದಲ ಸ್ಯಾಂಪಲ್ ಅದನ್ನೇ ಕೊಡುತ್ತೇನೆ.

ಇಂತಿ,
ಒಬ್ಬ ಬ್ಯೂಟಿಷಿಯನ್