ನಡೆಯುವವರು ಬರುವ ತನಕ ನೀರಿನ ಮೇಜು ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮೂರಿನಲ್ಲಿ ನಡೆದ ಹಾಫ್ ಮ್ಯಾರಥಾನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ದೊಡ್ಡದಾಗಿ ಬಂದಿತ್ತು. ಮೊದಲು ಬಂದವರ ಫೋಟೊ ಇತ್ತು, ಚೆನ್ನಾಗಿತ್ತು. ಕೊನೆಗೆ ಬಂದವರಲ್ಲಿ ನಾನೊಬ್ಬಳು. ನನ್ನದೂ ನಾಲ್ಕು ಮಾತು ಹಾಕಿ ಅಂತ ಈ ಪತ್ರ.

ನನಗೆ ಐವತ್ನಾಲ್ಕು ವರ್ಷ. ಸರಸ್ವತಿಪುರಂನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂವತ್ತು ವರ್ಷದಿಂದ ಮೆಷಿನ್ ಮುಂದೆ ಕೂತವಳು. ಕಾಲಿಗಿದ್ದ ಕೆಲಸ ಪೆಡಲ್ ತುಳಿಯೋದು ಒಂದೇ. ಮೋಟರ್ ಹಾಕಿಸಿದ ಮೇಲೆ ಅದೂ ತಪ್ಪಿತು. ಶುಗರ್ ಗಡಿಯಲ್ಲಿದೆ, ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿದರು. ಎಲ್ಲರಿಗೂ ಹೇಳುತ್ತಾರಲ್ಲ, ಹಾಗೆ. ನಾನೂ ಎಲ್ಲರ ಹಾಗೆ ನಾಲ್ಕು ದಿನ ನಡೆದು ಬಿಟ್ಟುಬಿಡುತ್ತಿದ್ದೆನೋ ಏನೋ. ಮಗಳು ಈ ಓಟದ ಫಾರಂ ತುಂಬಿ, ದುಡ್ಡು ಕಟ್ಟಿ, ಆಮೇಲೆ ಹೇಳಿದಳು. "ಓಡಬಹುದು, ನಡೆಯಲೂಬಹುದು, ನಾಲ್ಕು ಗಂಟೆ ಕಾಲಾವಕಾಶ" ಅಂತ ಅದರಲ್ಲಿ ಬರೆದಿತ್ತು. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಹಾಫ್ ಮ್ಯಾರಥಾನ್ ಅಂದರೆ 21 ಕಿ.ಮೀ., ಮೇಲೆ 97 ಮೀಟರ್ ಚಿಲ್ಲರೆ. ಈ ಚಿಲ್ಲರೆ ಎಲ್ಲಿಂದ ಬಂತು ಅಂತ ಮಗಳನ್ನು ಕೇಳಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಶುರುಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಿದರಂತೆ. ಅದು 42.195 ಕಿ.ಮೀ. ಆಯಿತು. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ನಮ್ಮದು ಅದರಲ್ಲಿ ಅರ್ಧ. ಯಾರದೋ ಮೈಗೆ ತೆಗೆದ ಅಳತೆಯಲ್ಲಿ ಊರಿಗೆಲ್ಲ ಹೊಲಿದ ಹಾಗಾಯಿತು, ಅಲ್ವಾ?

ಜೂನ್‌ನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತೋದಕ್ಕೆ ಶುರುಮಾಡಿದೆ. ನನ್ನ ಫೋನಿನ ಲೆಕ್ಕದಲ್ಲಿ ಒಂದು ಸುತ್ತು ನಾಲ್ಕೂವರೆ ಕಿ.ಮೀ. ಆಸುಪಾಸು. ಮೊದಲ ದಿನ ಒಂದು ಗಂಟೆ ಐದು ನಿಮಿಷ ಹಿಡಿಯಿತು. ಹೆಜ್ಜಾರ್ಲೆಗಳನ್ನು ನೋಡಿಕೊಂಡು ನಿಂತಿದ್ದೂ ಅದರಲ್ಲೇ ಸೇರಿದೆ. ವಾರದಲ್ಲಿ ಮೂರು ದಿನ ಒಂದೊಂದು ಸುತ್ತು, ಭಾನುವಾರ ಉದ್ದ ನಡಿಗೆ. ಭಾನುವಾರದ್ದನ್ನು ವಾರಕ್ಕೆ ಒಂದೇ ಕಿ.ಮೀ. ಜಾಸ್ತಿ ಮಾಡುತ್ತಾ ಹೋಗಬೇಕು, ನಾಲ್ಕನೇ ವಾರ ಸ್ವಲ್ಪ ಇಳಿಸಬೇಕು. ಇದು ಕೆರೆ ಏರಿಯ ಮೇಲೆ ದಿನಾ ಸಿಗುವ ಒಬ್ಬ ಹಿರಿಯರು ಹೇಳಿಕೊಟ್ಟ ಲೆಕ್ಕ. ಹೆಜ್ಜೆ ಉದ್ದ ಹಾಕಬೇಡಿ, ಚಿಕ್ಕದಾಗಿ ಬೇಗಬೇಗ ಹಾಕಿ, ಮೊಣಕೈ ಮಡಚಿ ಬೀಸಿ ಅಂದರು. ಮೊದಲು ನಾಚಿಕೆಯಾಯಿತು. ಎದುರಿಗೆ ಗಿರಾಕಿಗಳು ಸಿಗುತ್ತಾರೆ ನೋಡಿ. "ಅಕ್ಕಾ, ನನ್ನ ಬ್ಲೌಸ್ ಆಯ್ತಾ?" ಅಂತ ಕೆರೆ ಏರಿಯ ಮೇಲೂ ಕೇಳುತ್ತಾರೆ.

ಸುತ್ತು ಲೆಕ್ಕ ತಪ್ಪುತ್ತಿತ್ತು. ಅದಕ್ಕೆ ದುಪಟ್ಟಾದ ಎಡಗಡೆ ಸೆರಗಿಗೆ ನಾಲ್ಕು ಸೇಫ್ಟಿ ಪಿನ್ ಚುಚ್ಚಿಕೊಂಡು ಹೊರಡುತ್ತಿದ್ದೆ. ಒಂದು ಸುತ್ತು ಮುಗಿದರೆ ಒಂದು ಪಿನ್ ಬಲಗಡೆಗೆ. ಚೂಡಿದಾರದ ಟಾಪಿಗೆ ಒಳಗಡೆ ಒಂದು ಜೇಬು ಹೊಲಿದುಕೊಂಡೆ. ಅದರಲ್ಲಿ ಎರಡು ಚೂರು ಬೆಲ್ಲ, ಮನೆ ಬೀಗದ ಕೈ, ಇಪ್ಪತ್ತು ರೂಪಾಯಿ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಹೊತ್ತು ಅಂಗಡಿಗೆ ಹೋಗಿ ಕಾಲಿಗೆ ಸರಿಯಾಗಿ ಕೂರುವ ಶೂ ತಂದೆ. ಹತ್ತು ಕಿ.ಮೀ. ಆಗುವ ಹೊತ್ತಿಗೆ ಕಾಲು ಊದಿ ಶೂ ಬಿಗಿಯಾಯಿತು, ಹೆಬ್ಬೆರಳಿನ ಉಗುರು ಕಪ್ಪಾಯಿತು. ಆಮೇಲೆ ಸಂಜೆ ಹೊತ್ತು ಹೋಗಿ ಅರ್ಧ ಸೈಜ್ ದೊಡ್ಡದು ತಂದೆ. ದಿನಾ ಬ್ಲೌಸಿನ ಒಳಗೆ ಬಟ್ಟೆ ಬಿಟ್ಟು ಹೊಲಿಯುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹತ್ತಿ ಸಾಕ್ಸ್ ಬೆವರು ಕುಡಿದು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತು, ಅದನ್ನೂ ಬದಲಾಯಿಸಿದೆ. ಕಾಲಿಗೆ ಬಲ ಬರಲಿ ಅಂತ ಒಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಹತ್ತಿದ್ದು ಏನೂ ಆಗಲಿಲ್ಲ. ಇಳಿದಿದ್ದಕ್ಕೆ ಮಂಡಿ ಒಂದು ವಾರ ಮಾತಾಡಿಸಿತು. ಆಮೇಲೆ ಹತ್ತಿ, ತಾಯಿಗೆ ಕೈ ಮುಗಿದು, ಬಸ್ಸಿನಲ್ಲಿ ಇಳಿಯುತ್ತಿದ್ದೆ.

ದಸರಾ ಬಂದಾಗ ಎರಡು ಭಾನುವಾರ ಹೋಯಿತು. ರಾತ್ರಿ ಒಂದು ಗಂಟೆ ತನಕ ಹೊಲಿಗೆ ಇರುವಾಗ ಬೆಳಿಗ್ಗೆ ಐದಕ್ಕೆ ಯಾರು ಏಳುತ್ತಾರೆ? ಹಾಗಿದ್ದರೂ ನವೆಂಬರ್ ಹೊತ್ತಿಗೆ ಒಂದು ಸುತ್ತು ಐವತ್ತು ನಿಮಿಷಕ್ಕೆ ಬಂತು. ಒಂದು ಭಾನುವಾರ ನಾಲ್ಕು ಪಿನ್ನೂ ಬಲಗಡೆಗೆ ಬಂದವು. 18 ಕಿ.ಮೀ., ಮೂರು ಗಂಟೆ ಇಪ್ಪತ್ತು ನಿಮಿಷ. ಮನೆಗೆ ಬಂದು ಆರು ಇಡ್ಲಿ ತಿಂದೆ.

ಈಗ ನಾನು ಬರೆಯಬೇಕಿದ್ದ ವಿಷಯ. ನಾಲ್ಕು ಗಂಟೆಯಲ್ಲಿ 21 ಕಿ.ಮೀ. ಮುಗಿಯಬೇಕಾದರೆ ಒಂದೊಂದು ಕಿ.ಮೀ.ಗೆ ಹನ್ನೊಂದು ನಿಮಿಷ ಚಿಲ್ಲರೆ ಸಿಗುತ್ತದೆ. ಚುರುಕಾಗಿ ನಡೆಯುವವರಿಗೆ ಇದು ಸಾಕು. ನನ್ನದು ಸರಿಯಾಗಿ ಹನ್ನೊಂದು. ಐದು ತಿಂಗಳು ಇದೊಂದೇ ಸಂಖ್ಯೆಗೋಸ್ಕರ ನಡೆದಿದ್ದೇನೆ. ಅವತ್ತು ಆರು ಗಂಟೆಗೆ ಬಿಟ್ಟರು. ಹದಿನಾರನೇ ಕಿ.ಮೀ. ಬೋರ್ಡು ದಾಟಿದಾಗ ಒಂಬತ್ತಕ್ಕೆ ಇನ್ನೂ ಮೂರು ನಾಲ್ಕು ನಿಮಿಷ ಇತ್ತು. ಅಲ್ಲಿ ನೀರಿನ ಮೇಜು ಮಡಚುತ್ತಿದ್ದರು. ಕ್ಯಾನ್‌ಗಳು ಆಗಲೇ ಆಟೋ ಹತ್ತಿದ್ದವು. ರಸ್ತೆಯ ಕೋನ್‌ಗಳನ್ನು ಒಬ್ಬ ಹುಡುಗ ಒಂದರ ಮೇಲೊಂದು ಪೇರಿಸುತ್ತಿದ್ದ. ಹಿಂದೆ ಒಂದು ಟೆಂಪೋ ಬಂತು.

"ಆಂಟಿ, ಹತ್ಕೊಳ್ಳಿ, ಟೈಮ್ ಆಯ್ತು."

"ಹತ್ತು ಗಂಟೆ ತನಕ ಅಂತ ನೀವೇ ಬರೆದಿದ್ದೀರಲ್ಲಪ್ಪ."

"ಅದು ಓಡೋರಿಗೆ ಆಂಟಿ."

ನಾಲ್ಕು ಗಂಟೆ ತೆಗೆದುಕೊಳ್ಳುವವರು ಓಡುವವರು ಹೇಗಾದರು ಅಂತ ಅವನನ್ನು ಕೇಳುವಷ್ಟು ಉಸಿರು ಇರಲಿಲ್ಲ. ಹತ್ತಲಿಲ್ಲ. ಮುಂದೆ ಎರಡು ಕಡೆ ನೀರು ಇರಬೇಕಿತ್ತು, ಎರಡೂ ಇಲ್ಲ. ಲಲಿತಮಹಲ್ ರಸ್ತೆಯ ಹತ್ತಿರ ಹೂ ಮಾರುವ ಒಬ್ಬರು ತಮ್ಮ ಬಾಟಲಿ ಕೊಟ್ಟರು. "ಎಲ್ಲಿಗಕ್ಕ ಹಿಂಗೆ, ಯಾರಿಗಾದ್ರೂ ಹುಷಾರಿಲ್ವಾ?" ಅಂತ ಕೇಳಿದರು. ಇಲ್ಲ, ಪಂದ್ಯ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಮುಗಿಸುವಾಗ ಹತ್ತಕ್ಕೆ ಆರು ನಿಮಿಷ ಬಾಕಿ. ಗಾಳಿ ತುಂಬಿದ ಕಮಾನಿನ ಗಾಳಿ ಬಿಟ್ಟಿದ್ದರು. ಅದು ರಸ್ತೆಯ ಮೇಲೆ ಒಗೆದ ರಗ್ಗಿನ ಹಾಗೆ ಬಿದ್ದಿತ್ತು. ಸಮಯ ಹಿಡಿಯುವ ಮ್ಯಾಟು ಸುತ್ತಿಟ್ಟಾಗಿತ್ತು. ಹಾಗಾಗಿ ನನ್ನ ಹೆಸರಿನ ಮುಂದೆ "ಮುಗಿಸಿಲ್ಲ" ಅಂತ ಬಂದಿದೆ. ಮೆಡಲ್ ಮಾತ್ರ ಒಬ್ಬ ಹುಡುಗಿ ಲಾರಿ ಹತ್ತಿ, ಪೆಟ್ಟಿಗೆ ಬಿಚ್ಚಿ ತಂದುಕೊಟ್ಟಳು. ಅವಳಿಗೆ ಒಳ್ಳೆಯದಾಗಲಿ. ಅದರ ರಿಬ್ಬನ್ನಿನ ಹೊಲಿಗೆ ಬಿಟ್ಟಿತ್ತು, ಮನೆಗೆ ಬಂದು ನಾನೇ ಹಾಕಿಕೊಂಡೆ.

ನಡೆಯುವವರು ಇಂಥದ್ದಕ್ಕೆ ಯಾಕೆ ಬರಬೇಕು ಅಂತ ಕೆಲವರು ಕೇಳುತ್ತಾರೆ. ನಡಿಗೆ ಒಲಿಂಪಿಕ್ಸ್‌ನಲ್ಲೇ ಇದೆ. ಒಂದು ಕಾಲು ಯಾವಾಗಲೂ ನೆಲದ ಮೇಲಿರಬೇಕು ಅನ್ನೋದು ಅದರ ನಿಯಮ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಪ್ರಿಯಾಂಕಾ ಗೋಸ್ವಾಮಿ ನಡೆದೇ ಬೆಳ್ಳಿ ತಂದರು. ವಿಶ್ವ ಅಥ್ಲೆಟಿಕ್ಸ್‌ನವರಂತೂ 2026ರಿಂದ 20 ಕಿ.ಮೀ. ನಡಿಗೆಯ ಬದಲು ಹಾಫ್ ಮ್ಯಾರಥಾನ್ ದೂರವನ್ನೇ ಇಟ್ಟಿದ್ದಾರೆ. ಅವರ ವೇಗಕ್ಕೂ ನನ್ನದಕ್ಕೂ ಸಂಬಂಧ ಇಲ್ಲ ಬಿಡಿ. ಅವರು ನಡೆಯುವಷ್ಟು ಜೋರಾಗಿ ನಮ್ಮ ಬೀದಿಯಲ್ಲಿ ಯಾರೂ ಓಡೋದೂ ಇಲ್ಲ.

ಮಧ್ಯಾಹ್ನದ ತನಕ ರಸ್ತೆ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಭಾನುವಾರವೂ ಜನ ಕೆಲಸಕ್ಕೆ, ಆಸ್ಪತ್ರೆಗೆ ಹೋಗಬೇಕು. ಮೂರು ಗಂಟೆ ಆದ ಮೇಲೆ ನಮ್ಮನ್ನು ಫುಟ್‌ಪಾತ್ ಹತ್ತಿಸಿ, ಹತ್ತುತ್ತೇವೆ. ಇಲ್ಲವೇ ನಡೆಯುವವರನ್ನು ಅರ್ಧ ಗಂಟೆ ಮೊದಲೇ ಬಿಡಿ. ಕೊನೆಯ ಎರಡು ನೀರಿನ ಮೇಜು, ಆ ಮ್ಯಾಟು, ಇಷ್ಟು ಮಾತ್ರ ಹೇಳಿದ ಸಮಯದ ತನಕ ಇರಲಿ. ಅದೂ ಆಗಲ್ಲ ಅಂದರೆ ಫಾರಂನಲ್ಲಿ ಮೂರು ಗಂಟೆ ಅಂತಲೇ ಬರೆಯಿರಿ. ದುಡ್ಡು ತೆಗೆದುಕೊಳ್ಳುವಾಗ ಓಡುವವರು, ನಡೆಯುವವರು ಅಂತ ಯಾರೂ ಬೇರೆ ಮಾಡಲಿಲ್ಲ.

ಫೆಬ್ರುವರಿಯಲ್ಲಿ ಇನ್ನೊಂದು ಇದೆಯಂತೆ, ಮಗಳು ಫಾರಂ ತೆರೆದು ಕೂತಿದ್ದಾಳೆ. ಅದಕ್ಕೆ ಮೊದಲು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ಒಂದು ಉತ್ತರ ಕೊಟ್ಟರೆ ಅನುಕೂಲ. ಆ ವಾರಕ್ಕೆ ನಾನಿನ್ನೂ ಯಾವ ಮದುವೆ ಬ್ಲೌಸೂ ಒಪ್ಪಿಕೊಂಡಿಲ್ಲ.

– ಬ್ಲೌಸ್ ಹೊಲಿಯುವವಳು, ಸರಸ್ವತಿಪುರಂ, ಮೈಸೂರು