ಮಡಿಕೇರಿಯಲ್ಲಿ ಇನ್ನು ಹತ್ತಿ-ಇಳಿ ಬಸ್ಸು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಬರುವ ಅಕ್ಟೋಬರ್ 1ರಿಂದ ನಮ್ಮ ಸಂಘದ ಒಂದು ದಿನದ ಕೊಡಗು ದರ್ಶನ ಇರುವುದಿಲ್ಲ. ಅದರ ಬದಲು ಮಡಿಕೇರಿ ಪಟ್ಟಣದೊಳಗೆ ಎರಡು ಮಿನಿ ಬಸ್ಸುಗಳು ದಿನವಿಡೀ ಸುತ್ತು ಹೊಡೆಯುತ್ತವೆ. ಬೆಳಿಗ್ಗೆ ಒಂದು ಟಿಕೆಟ್ ತೆಗೆದುಕೊಂಡರೆ ಸಂಜೆವರೆಗೂ ಅದೇ ಸಾಕು. ಬೇಕಾದ ಕಡೆ ಇಳಿಯಿರಿ, ಬೇಕಾದಷ್ಟು ಹೊತ್ತು ನೋಡಿ, ಮುಂದಿನ ಬಸ್ಸು ಬಂದಾಗ ಹತ್ತಿ. ಊರಿನಲ್ಲಿ ಆಗಲೇ ಇದನ್ನು ಹತ್ತಿ-ಇಳಿ ಬಸ್ಸು ಅಂತ ಕರೆಯೋಕೆ ಶುರು ಮಾಡಿದ್ದಾರೆ. ನಾವೂ ಹಾಗೇ ಬೋರ್ಡ್ ಬರೆಸಿದ್ದೇವೆ.

ಹಳೆಯ ಟ್ರಿಪ್ಪು ಯಾಕೆ ನಿಲ್ಲಿಸಿದಿರಿ ಅಂತ ಕೆಲವರು ಬೇಜಾರಿನಿಂದಲೇ ಕೇಳಿದ್ದಾರೆ. ನಿಜ, ಅದರಲ್ಲಿ ಬಹಳ ಜಾಗ ಸಿಗುತ್ತಿತ್ತು. ಬೆಳಿಗ್ಗೆ ಹೊರಟರೆ ನಿಸರ್ಗಧಾಮ, ದುಬಾರೆ ಆನೆ ಶಿಬಿರ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್. ಮತ್ತೆ ಘಾಟಿ ಹತ್ತಿ ಬಂದು ಅಬ್ಬಿ ಫಾಲ್ಸ್, ಓಂಕಾರೇಶ್ವರ, ಕೊನೆಗೆ ರಾಜಾಸೀಟು. (ಬೈಲಕುಪ್ಪೆ ಕೊಡಗಿನದ್ದೇ ಅಲ್ಲ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದ್ದು. ಆದರೂ ಕೊಡಗಿಗೆ ಬಂದವರು ಮೊದಲು ಕೇಳುವುದೇ ಅದನ್ನು!) ಮೊದಲ ಮೂರೂ ಕುಶಾಲನಗರದ ಕಡೆ, ಮಡಿಕೇರಿಯಿಂದ ಕುಶಾಲನಗರಕ್ಕೇ ಸುಮಾರು 30 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಮಡಿಕೇರಿ ತಲುಪಿದರೆ ಓಂಕಾರೇಶ್ವರನ ಬಾಗಿಲು ಹಾಕಿರುತ್ತಿತ್ತು. ಕೋಟೆಗೆ ಹೊತ್ತೇ ಇರುತ್ತಿರಲಿಲ್ಲ. ಕೊಡಗಿನ ಅರಸರ ರಾಜಧಾನಿಗೆ ಬಂದು ಅರಸರದ್ದೇನೂ ನೋಡದೆ ಹೋಗುವುದು ಅಂದರೆ ನಮಗೆ ಸರಿ ಕಾಣಲಿಲ್ಲ.

ಇನ್ನೊಂದು ಕಾರಣವೂ ಇದೆ. ಹಳೆಯ ಟ್ರಿಪ್ಪಿಗೆ ಇಡೀ ಗಾಡಿ ಬಾಡಿಗೆಗೆ ಹಿಡಿಯಬೇಕಿತ್ತು. ಮಹಿಳಾ ಸಂಘದವರು, ಶಾಲೆಯವರು, ಮದುವೆಗೆ ಬಂದ ನೆಂಟರು, ಹೀಗೆ ಗುಂಪಾಗಿ ಬಂದವರಿಗೆ ಸರಿ. ಗಂಡ ಹೆಂಡತಿ ಇಬ್ಬರೇ ಬಂದರೆ? ನಮ್ಮ ಜಿಲ್ಲೆಗೆ ರೈಲಿಲ್ಲ. ಮೈಸೂರಿನಿಂದ ಬಸ್ಸಲ್ಲಿ ಬಂದು ಇಳಿದವರಿಗೆ ಊರು ಸುತ್ತೋಕೆ ಬೇರೆ ಗಾಡಿಯೇ ಬೇಕು. ಮಡಿಕೇರಿಯಲ್ಲಿ ದೂರ ಜಾಸ್ತಿ ಇಲ್ಲ, ಆದರೆ ಸಮತಟ್ಟು ರಸ್ತೆ ಅಂತಲೂ ಇಲ್ಲ. ಓಂಕಾರೇಶ್ವರ ತಗ್ಗಿನಲ್ಲಿ, ಅರಸರ ಸಮಾಧಿಗಳಿರುವ ಗದ್ದಿಗೆ ದಿಬ್ಬದ ಮೇಲೆ, ಕೋಟೆ ಇನ್ನೊಂದು ಏರಿನಲ್ಲಿ. ಮಂಡಿ ನೋವಿರುವ ಅಜ್ಜಿಯನ್ನು ಕರೆದುಕೊಂಡು ಬಂದವರಿಗೆ ಆ ಕಷ್ಟ ಗೊತ್ತು.

ಇಲ್ಲಿ ಸ್ವಲ್ಪ ಕಾಯಿದೆ ಮಾತು ಹೇಳಬೇಕು, ಯಾಕೆಂದರೆ ನಿಮಗೆ ಕಾಣುವ ದೊಡ್ಡ ಬದಲಾವಣೆ ಬಂದಿದ್ದೇ ಅದರಿಂದ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಬಾಡಿಗೆ ಬಸ್ಸು ಎರಡು ಬಗೆ. ಇಡೀ ಗಾಡಿಯನ್ನು ಒಂದು ಗುಂಪಿಗೆ ಮಾತಾಡಿ ಕೊಡುವುದು ಕಾಂಟ್ರಾಕ್ಟ್ ಕ್ಯಾರೇಜ್. ಅದು ದಾರಿಯಲ್ಲಿ ಬೇರೆಯವರನ್ನು ಹತ್ತಿಸುವ ಹಾಗಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟಿಕೆಟ್ ಕೊಟ್ಟು, ನಿಲ್ದಾಣದಲ್ಲಿ ಹತ್ತಿಸಿ ಇಳಿಸುವುದು ಸ್ಟೇಜ್ ಕ್ಯಾರೇಜ್. ನಮ್ಮ ಕೊಡಗಿನ ಪ್ರೈವೇಟ್ ಲೈನ್ ಬಸ್ಸುಗಳು ಓಡುವುದು ಈ ಪರ್ಮಿಟ್ಟಿನ ಮೇಲೆ. ಹತ್ತಿ-ಇಳಿ ಬಸ್ಸಿಗೂ ಇದೇ ಬೇಕು. ಈಗ ನಮಗೆ ಸಿಕ್ಕಿದೆ. ಜೊತೆಗೆ ಟೈಮಿಂಗ್ ಕೂಡ ಬಂದಿದೆ. ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಅಂತ ಬರೆದುಕೊಟ್ಟ ಮೇಲೆ ನಾವು ಅದನ್ನು ಮೀರುವಂತಿಲ್ಲ.

ಅಂದರೆ, ಇನ್ನು ಬಸ್ಸು ನಿಮಗಾಗಿ ಕಾಯುವುದಿಲ್ಲ. ಹಳೆಯ ಗ್ರಾಹಕರಿಗೆ ಇದು ಸ್ವಲ್ಪ ಕಸಿವಿಸಿ ಆಗಬಹುದು. ನಮ್ಮ ಡ್ರೈವರುಗಳು ಮೊದಲೆಲ್ಲ ಜೇನು ತರಲು ಹೋದ ಕೊನೆಯ ಅಕ್ಕ ಬರುವವರೆಗೂ ಹಾರ್ನ್ ಹೊಡೆಯುತ್ತ ನಿಲ್ಲುತ್ತಿದ್ದರು. ಈಗ ಹಾರ್ನೂ ಇಲ್ಲ, ಕಾಯುವುದೂ ಇಲ್ಲ. ಆದರೆ ಬಸ್ಸು ತಪ್ಪಿದರೆ ಏನೂ ಮುಳುಗಿ ಹೋಗಲ್ಲ. ಒಂದು ಸುತ್ತಿಗೆ ಒಂದು ಗಂಟೆ ಹಿಡಿಯುತ್ತದೆ. ಬಸ್ಸು ಎರಡು. ಹಾಗಾಗಿ ಪ್ರತಿ ನಿಲ್ದಾಣದಲ್ಲೂ ಅರ್ಧ ಗಂಟೆಗೊಂದು ಬಸ್ಸು. ಗುಂಪಿನಲ್ಲಿ ಒಬ್ಬರಿಗೆ ಕೋಟೆ ಸಾಕು ಅನ್ನಿಸಿತು, ಇನ್ನೊಬ್ಬರಿಗೆ ಇನ್ನೂ ನೋಡಬೇಕು ಅನ್ನಿಸಿತು ಅಂದರೆ ಜಗಳವೇ ಬೇಡ. ಅವರು ಮುಂದೆ ಹೋಗಲಿ, ಇವರು ಅರ್ಧ ಗಂಟೆ ಬಿಟ್ಟು ಬರಲಿ.

ಸುತ್ತು ಹೀಗಿದೆ. ಬಸ್ ನಿಲ್ದಾಣದಿಂದ ಓಂಕಾರೇಶ್ವರ, ಅಲ್ಲಿಂದ ಮಹದೇವಪೇಟೆ ಮೇಲೆ ಗದ್ದಿಗೆ, ಆಮೇಲೆ ಜನರಲ್ ತಿಮ್ಮಯ್ಯ ಮ್ಯೂಸಿಯಂ, ಕೋಟೆ, ರಾಜಾಸೀಟು, ಮತ್ತೆ ಬಸ್ ನಿಲ್ದಾಣ. ಬಸ್ಸು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಈ ಕ್ರಮ ಸುಮ್ನೆ ಹಾಕಿದ್ದಲ್ಲ. ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಅದು ಮೊದಲು. ರಾಜಾಸೀಟು ಇರುವುದೇ ಸೂರ್ಯ ಮುಳುಗುವುದನ್ನು ನೋಡೋಕೆ, ಅದು ಕೊನೆಗೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಎಲ್ಲವೂ ತಾನಾಗಿ ಸರಿ ಹೊಂದುತ್ತದೆ. ಹನ್ನೊಂದಕ್ಕೆ ಎದ್ದು ಬರುವವರು ಓಂಕಾರೇಶ್ವರದಲ್ಲೇ ಮೊದಲು ಇಳಿಯಿರಿ, ತಿಂಡಿ ಆಮೇಲೆ.

ಓಂಕಾರೇಶ್ವರವನ್ನು 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ. ನಮ್ಮ ಕಡೆಯ ದೇವಸ್ಥಾನಗಳ ಹಾಗೆ ಇದಕ್ಕೆ ಗೋಪುರ ಇಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ದೂರದಿಂದ ನೋಡಿದವರು ದರ್ಗಾ ಅಂದುಕೊಳ್ಳುವುದುಂಟು. ಎದುರಿಗೆ ಕೊಳ, ಕೊಳದ ಮಧ್ಯೆ ಮಂಟಪ. ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ, ಅದಕ್ಕೂ ಹೊತ್ತು ಇಟ್ಟುಕೊಳ್ಳಿ.

ಗದ್ದಿಗೆ ಬಗ್ಗೆ ನಾವು ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ, ಕ್ಷಮಿಸಿ. ಇಡೀ ಸುತ್ತಿನಲ್ಲಿ ಜನ ಇಳಿಯದೆ ಮುಂದೆ ಹೋಗುವ ಜಾಗ ಅದೊಂದೇ ಆಗಬಹುದು ಅನ್ನುವ ಭಯ ನಮಗಿದೆ. ಸಮಾಧಿ ನೋಡೋಕೆ ಏನಿದೆ ಅಂತ ಅನ್ನಿಸುತ್ತದೆ, ಅಲ್ವಾ? ಒಮ್ಮೆ ಇಳಿಯಿರಿ. ನಡುವಿನದ್ದು ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿಯದ್ದು. ಟಿಪ್ಪು ಸುಲ್ತಾನನ ಕೈಯಿಂದ ಕೊಡಗನ್ನು ಮತ್ತೆ ಪಡೆದವನು ಇವನೇ, 1809ರಲ್ಲಿ ತೀರಿಕೊಂಡ. ಪಕ್ಕದ್ದು ಲಿಂಗರಾಜನದ್ದು. 1820ರಲ್ಲಿ ಅಪ್ಪ ಸತ್ತಾಗ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಇನ್ನೊಂದು ರಾಜಗುರು ರುದ್ರಪ್ಪನವರದ್ದು. ಹೊರಗೆ ಗುಮ್ಮಟ, ಮಿನಾರು. ಗುಮ್ಮಟದ ಸುತ್ತ ಮೂಲೆಗಳಲ್ಲಿ ನಂದಿ ಬಸವಣ್ಣ. ಒಳಗೆ ಶಿವಲಿಂಗ. ಕೊಡಗನ್ನು ಆಳಿದ ಈ ಹಾಲೇರಿ ಮನೆತನದ ಅರಸರು ಲಿಂಗಾಯತರು. ಅವರ ಕಾಲದ ಕಟ್ಟಡಗಳಲ್ಲಿ ಎಲ್ಲ ಕಡೆಯ ಕಸುಬೂ ಒಂದಾಗಿದೆ. ಅಲ್ಲೇ ಹತ್ತಿರ ಅರಸರ ನಂಬಿಕೆಯ ಅಧಿಕಾರಿ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ.

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಗದ್ದಿಗೆ ಮಾತ್ರ ಅಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕಾಶಿಗೆ ಕಳಿಸಿದರು. ಆಮೇಲೆ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. 1859ರಲ್ಲಿ ಅಲ್ಲೇ ತೀರಿಕೊಂಡ. ಅಪ್ಪನಿಗೆ ಗುಮ್ಮಟ ಕಟ್ಟಿಸಿದವನಿಗೆ ಆ ಗುಮ್ಮಟದ ಪಕ್ಕ ಜಾಗ ಸಿಗಲಿಲ್ಲ. ನಮ್ಮ ಕಂಡಕ್ಟರ್ ಈ ಕತೆಯನ್ನು ಇನ್ನೂ ಚೆನ್ನಾಗಿ ಹೇಳುತ್ತಾರೆ.

ಅಂದಹಾಗೆ, ಕಿವಿಗೆ ಸಿಕ್ಕಿಸಿಕೊಂಡು ಕೇಳುವ ರೆಕಾರ್ಡಿಂಗ್ ಯಾಕಿಲ್ಲ ಅಂತ ಬೆಂಗಳೂರಿನ ಕೆಲವರು ಕೇಳಿದರು. ದೊಡ್ಡ ಊರುಗಳಲ್ಲಿ ಅದು ಸರಿ, ನಿಲ್ದಾಣಗಳ ನಡುವೆ ದೂರ ಇರುತ್ತದೆ. ಇಲ್ಲಿ ಕೋಟೆಯಿಂದ ರಾಜಾಸೀಟಿಗೆ ಹೋಗುವಷ್ಟರಲ್ಲಿ ರೆಕಾರ್ಡಿಂಗಿನ ನಮಸ್ಕಾರವೇ ಮುಗಿದಿರುವುದಿಲ್ಲ. ಕಂಡಕ್ಟರೇ ಹೇಳುತ್ತಾರೆ, ಕನ್ನಡದಲ್ಲಿ. ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಮೈಸೂರಿನಲ್ಲಿ ಅಂಬಾರಿ ಬಸ್ಸಿನ ಮೇಲೆ ಕೂತು ಅರಮನೆ ದೀಪ ನೋಡಿ ಬಂದವರದ್ದು ಇನ್ನೊಂದು ಪ್ರಶ್ನೆ: ನಿಮ್ಮದೂ ಮಾಡು (ಚಾವಣಿ) ಇಲ್ಲದ ಡಬಲ್ ಡೆಕರ್ ಯಾಕಲ್ಲ? ಮೈಸೂರಿನ ರಸ್ತೆ ಅಗಲ, ನೇರ. ನಮ್ಮ ಮಹದೇವಪೇಟೆಯಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕು. ಮೇಲೆ ಕರೆಂಟ್ ವೈರು, ಮರದ ಕೊಂಬೆ. ಇನ್ನು ಮಳೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಅಕ್ಟೋಬರಿನಲ್ಲೂ ಮಧ್ಯಾಹ್ನ ಇದ್ದಕ್ಕಿದ್ದಂತೆ ಬರುತ್ತದೆ. ಮಾಡಿಲ್ಲದ ಬಸ್ಸಿನಲ್ಲಿ ನಿಮ್ಮನ್ನು ನೆನೆಸೋಕೆ ನಮಗಿಷ್ಟವಿಲ್ಲ. ಮಿನಿ ಬಸ್ಸಿನ ಕಿಟಕಿ ದೊಡ್ಡದಿದೆ, ಸಾಕು.

ತಿಮ್ಮಯ್ಯ ಮ್ಯೂಸಿಯಂ ಇರುವುದು ಅವರ ಮನೆ ಸನ್ನಿಸೈಡ್‌ನಲ್ಲೇ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತಿದ್ದಾಗ ತೀರಿಕೊಂಡರು. ಗಂಡು ಮಕ್ಕಳು ಅಂಗಳದ ಟ್ಯಾಂಕ್ ಬಿಟ್ಟು ಕದಲುವುದಿಲ್ಲ. ಹೆಣ್ಣು ಮಕ್ಕಳೂ ಅಷ್ಟೇ.

ಕೋಟೆಗೆ ಕನಿಷ್ಠ ಒಂದು ಗಂಟೆ ಇಡಿ. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದಾಗ ಇದು ಮಣ್ಣಿನ ಕೋಟೆ. ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಜಾಫರಾಬಾದ್ ಅಂತ ಹೆಸರೂ ಇಟ್ಟ. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಕೈಗೆ ತೆಗೆದುಕೊಂಡ. ಒಳಗಿನ ಅರಮನೆಯನ್ನು 1812ರಿಂದ 1814ರ ನಡುವೆ ಲಿಂಗರಾಜ ಸರಿ ಮಾಡಿಸಿದ. ಅರಮನೆ ಮುಂಭಾಗದ ಗಡಿಯಾರ 1933ರದ್ದು, ಬ್ರಿಟಿಷರ ಕಾಲದ್ದು. ಅವರು ವೀರಭದ್ರನ ಗುಡಿ ತೆಗೆಸಿ ಕಟ್ಟಿದ ಚರ್ಚಿನಲ್ಲಿ ಈಗ ಸರ್ಕಾರಿ ಮ್ಯೂಸಿಯಂ ಇದೆ. ಅಂಗಳದಲ್ಲಿ ಎರಡು ಗಾರೆ ಆನೆಗಳಿವೆ, ಫೋಟೋಗೆ ಸಾಲು ನಿಲ್ಲಬೇಕು.

ರಾಜಾಸೀಟಿನ ವಿಷಯ ಮಾತ್ರ ಎಚ್ಚರಿಕೆಯಿಂದ ಓದಿ. ದಿನವಿಡೀ ಬೇರೆ ಬೇರೆ ಕಡೆ ಹಂಚಿಹೋದವರೆಲ್ಲ ಸಂಜೆ ಅಲ್ಲೇ ಸೇರುತ್ತಾರೆ. ಸೂರ್ಯ ಮುಳುಗಿದ ಕೂಡಲೇ ಎಲ್ಲರಿಗೂ ಒಟ್ಟಿಗೆ ವಾಪಸ್ ಹೋಗಬೇಕು. ಹತ್ತಿ-ಇಳಿ ಬಸ್ಸು ಎಲ್ಲೇ ಓಡಲಿ, ಕೊನೆಯ ಸುತ್ತಿನ ತಲೆನೋವು ಇದೇ. ಅದಕ್ಕೆ ಕೊನೆಯ ಹೊತ್ತಿಗೆ ಎರಡೂ ಬಸ್ಸುಗಳು ರಾಜಾಸೀಟಿಗೆ ಒಟ್ಟಿಗೆ ಬರುವ ಹಾಗೆ ಟೈಮಿಂಗ್ ಮಾಡಿಸಿಕೊಂಡಿದ್ದೇವೆ. ಮೊದಲು ವಯಸ್ಸಾದವರು, ಮಕ್ಕಳ ಜೊತೆ ಬಂದವರು. ಸಂಗೀತ ಕಾರಂಜಿ ನೋಡಿಯೇ ಹೋಗುತ್ತೇವೆ ಅನ್ನುವವರು ಆಟೋ ಹಿಡಿಯಬೇಕಾಗುತ್ತದೆ. ಮಂಜು ಕವಿದು ಸೂರ್ಯ ಕಾಣದಿದ್ದರೆ ಟಿಕೆಟ್ ಹಣ ವಾಪಸ್ ಕೇಳಬೇಡಿ, ದಯವಿಟ್ಟು. ಕೇಳಿದವರಿದ್ದಾರೆ!

ಅಬ್ಬಿ ಫಾಲ್ಸ್ ಈ ಟಿಕೆಟ್ಟಿನಲ್ಲಿ ಇಲ್ಲ. ಊರಿನಿಂದ ಏಳೆಂಟು ಕಿಲೋಮೀಟರ್ ಅಷ್ಟೇ, ಆದರೆ ರಜೆ ದಿನ ಆ ಕಿರಿದಾದ ರಸ್ತೆಯಲ್ಲಿ ಗಾಡಿ ಸಿಕ್ಕಿಕೊಂಡರೆ ಅರ್ಧ ಗಂಟೆಗೊಂದು ಬಸ್ಸು ಅನ್ನುವ ಮಾತು ಸುಳ್ಳಾಗುತ್ತದೆ. ಒಂದು ಬಸ್ಸು ತಡವಾದರೆ ಆರೂ ಕಡೆ ಕಾಯುವವರಿಗೆ ತೊಂದರೆ. ಗದ್ದಿಗೆ ಅಬ್ಬಿ ದಾರಿಯಲ್ಲೇ ಇದೆ. ಅಲ್ಲಿ ಇಳಿದು ಆಟೋದಲ್ಲಿ ಹೋಗಿ ಬಂದು, ಮತ್ತೆ ಗದ್ದಿಗೆಯಲ್ಲೇ ನಮ್ಮ ಬಸ್ಸು ಹತ್ತಬಹುದು. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪೇ ಆಗಬೇಕು, ಅದು ಜೀಪಿನವರ ಕೆಲಸ. ತಲಕಾವೇರಿ, ದುಬಾರೆಗೆ ಗುಂಪಾಗಿ ಹೋಗುವವರಿಗೆ ಬೇರೆ ಗಾಡಿ ಮೊದಲಿನಂತೆ ಬಾಡಿಗೆಗೆ ಸಿಗುತ್ತದೆ.

ಮಸಾಲೆ, ಚಾಕೊಲೇಟ್ ಅಂಗಡಿ ಮುಂದೆ ಬಸ್ಸು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇರುವುದಿಲ್ಲ. ಎಷ್ಟೋ ಕಡೆ ಪ್ರವಾಸಿಗಳ ಅರ್ಧ ಹೊತ್ತು ಅಲ್ಲೇ ಹೋಗುತ್ತದೆ, ಕಮಿಷನ್ ಯಾರಿಗೆ ಅಂತ ನಿಮಗೂ ಗೊತ್ತು. ಕಾಫಿ ಪುಡಿ, ಏಲಕ್ಕಿ, ಕರಿಮೆಣಸು ಬೇಕಿದ್ದರೆ ಪೇಟೆಯಲ್ಲಿ ನಮ್ಮೂರಿನವರು ಕೊಳ್ಳುವ ಅಂಗಡಿಗೇ ಹೋಗಿ. ಶುಕ್ರವಾರ ಬಂದರೆ ಸಂತೆ ಸಿಗುತ್ತದೆ. ಆದರೆ ಅವತ್ತು ಪೇಟೆ ರಸ್ತೆ ಗಿಜಿಗಿಜಿ, ಬಸ್ಸು ಐದು ಹತ್ತು ನಿಮಿಷ ಆಚೀಚೆ ಆದೀತು.

ಟಿಕೆಟ್ ದೊಡ್ಡವರಿಗೆ 250 ರೂಪಾಯಿ, ಮಕ್ಕಳಿಗೆ ಅರ್ಧ. ಪ್ರವೇಶ ಶುಲ್ಕ ಎಲ್ಲೆಲ್ಲಿ ಇದೆಯೋ ಅದು ನಿಮ್ಮದೇ. ಬಸ್ಸಿನಲ್ಲೇ ಕಂಡಕ್ಟರ್ ಹತ್ತಿರ ತೆಗೆದುಕೊಳ್ಳಿ, ಚೀಟಿ ಜೋಪಾನ. ಲಗೇಜು ತರಬೇಡಿ, ಇಡಲು ಜಾಗ ಇಲ್ಲ. ಮ್ಯೂಸಿಯಂಗಳಿಗೆ ವಾರದ ರಜೆ ಇರುವುದರಿಂದ ಸೋಮವಾರ ಬರುವವರು ಮೊದಲೇ ಫೋನ್ ಮಾಡಿ ಕೇಳಿ.

ದಸರಾಕ್ಕೆ ಬರುವವರಿಗೆ ಒಂದು ಮಾತು. ನಾಲ್ಕು ಶಕ್ತಿ ದೇವತೆಗಳ ಕರಗ ಹೊರಡುವ ದಿನವೂ, ಆಮೇಲೂ ಬಸ್ಸು ಎಂದಿನಂತೆ ಇರುತ್ತದೆ. ವಿಜಯದಶಮಿ ದಿನ ಮಾತ್ರ ಮಧ್ಯಾಹ್ನಕ್ಕೇ ನಿಲ್ಲಿಸುತ್ತೇವೆ. ಅವತ್ತು ರಾತ್ರಿಯಿಡೀ ಹತ್ತು ಮಂಟಪಗಳ ಮೆರವಣಿಗೆ. ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನಮ್ಮ ಡ್ರೈವರುಗಳೂ ಮಂಟಪದ ಹಿಂದೆಯೇ ಇರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದೇ ಬಸ್ಸು, ಗಂಟೆಗೊಮ್ಮೆ. ರೆಡ್ ಅಲರ್ಟ್ ಇದ್ದ ದಿನ ಅದೂ ಇಲ್ಲ. 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದ ಮೇಲೆ ಈ ವಿಷಯದಲ್ಲಿ ನಮ್ಮ ಹತ್ತಿರ ವಾದ ಮಾಡಬೇಡಿ.

ಅಕ್ಟೋಬರ್ 1ರಿಂದ ಮುಂದಿನ ತಾರೀಕಿಗೆ ಹಳೆಯ ಟ್ರಿಪ್ಪು ಬುಕ್ ಮಾಡಿದವರಿಗೆ ಎರಡು ದಾರಿ ಇದೆ. ಅದೇ ಬಾಡಿಗೆಗೆ ಅದೇ ದಿನ ಬೇರೆ ಗಾಡಿ ಕೊಡುತ್ತೇವೆ, ನೀವು ಹೇಳಿದ ಜಾಗಕ್ಕೆ ಹೋಗುತ್ತದೆ. ಅದು ಬೇಡ, ಹತ್ತಿ-ಇಳಿ ಬಸ್ಸೇ ಸಾಕು ಅಂದರೆ ಟಿಕೆಟ್ ಹಣ ಮುರಿದುಕೊಂಡು ಉಳಿದ ಮುಂಗಡ ವಾಪಸ್ ಮಾಡುತ್ತೇವೆ. ಬುಕ್ ಮಾಡಿದ ನಂಬರಿಗೇ ಸೆಪ್ಟೆಂಬರ್ 20ರೊಳಗೆ ಫೋನ್ ಮಾಡಿ ತಿಳಿಸಿ. ಸಂಜೆ ನಾಲ್ಕರ ಮೇಲೆ ಮಾಡಿದರೆ ಒಳ್ಳೆಯದು, ಬೆಳಿಗ್ಗೆ ಆಫೀಸಿನಲ್ಲಿ ಒಬ್ಬರೇ ಇರುತ್ತಾರೆ.

ಇಂತಿ ನಿಮ್ಮ,
ವ್ಯವಸ್ಥಾಪಕರು
ಚಾಲಕರ ಸಹಕಾರ ಸಂಘ, ಮಡಿಕೇರಿ